ಈ ಹುಳ ಹಣ್ಣಾಗಲಿ

ಧನಗೆರೆ, ಕೊಳ್ಳೇಗಾಲ ತಾಲ್ಲೂಕು
೧೨-೧೧-೧೯೬೭, ಭಾನುವಾರ

ಸೌಭಾಗ್ಯವತಿ ಗುರುಸಿದ್ದಮ್ಮನಿಗೆ ಕೆಂಪನಂಜಪ್ಪನ ಆಶೀರ್ವಾದಗಳು.

ನಿನ್ನ ಹೆಸರನ್ನು ಹೀಗೆ ಪೂರ್ತಿಯಾಗಿ ಬರೆದು ನನಗೇ ಒಂಥರಾ ಆಯಿತು. ಮದುವೆಯಾದ ಹದಿಮೂರು ವರ್ಷವೂ ‘ಇವಳೇ’ ಅಂತ ಕರೆದುಕೊಂಡೇ ಬಂದವನು ನಾನು. ಏಪ್ರಿಲ್ ತಿಂಗಳಲ್ಲಿ ನಿನ್ನನ್ನು ಮೈಸೂರಿನ ಸ್ಯಾನಿಟೋರಿಯಂಗೆ ಸೇರಿಸಿದ ದಿನ ಗುಮಾಸ್ತರು ಪೇಷಂಟಿನ ಹೆಸರೇನು ಅಂತ ಕೇಳಿದರೆ ‘ನಮ್ಮನೇವ್ಳು ಸಾ’ ಅಂದುಬಿಟ್ಟಿದ್ದೆ. ಅವರು ನಕ್ಕರು. ನೀನೂ ಸೆರಗು ಅಡ್ಡ ಹಿಡಿದು ನಕ್ಕೆ, ನಕ್ಕದ್ದಕ್ಕೆ ಕೆಮ್ಮು ಹತ್ತಿಕೊಂಡಿತು. ಆಮೇಲೆ ನಾವಿಬ್ಬರೂ ನಗಲಿಲ್ಲ.

ಮೈ ಹೇಗಿದೆ? ಸಂಜೆ ಹೊತ್ತು ಜ್ವರ ಬರುವುದು ನಿಂತಿದೆಯಾ? ಇಂಜೆಕ್ಷನ್ ಚುಚ್ಚಿದ ಕಡೆ ಗಂಟು ಕಟ್ಟಿದೆ ಅಂದಿದ್ದೆ, ಅಲ್ಲಿಗೆ ಬಿಸಿನೀರಿನ ಬಟ್ಟೆ ಒತ್ತಿಕೋ. ಕೋಳಿಮೊಟ್ಟೆ ಬೇಡ ಅಂದದ್ದಕ್ಕೆ ಬದಲಾಗಿ ಇನ್ನೊಂದು ಲೋಟ ಹಾಲು ಕೊಡುತ್ತೇವೆ ಅಂದಿದ್ದರಲ್ಲ, ಕೊಡುತ್ತಿದ್ದಾರಾ, ಇಲ್ಲಾ ನೀನೇ ಪಕ್ಕದ ಮಂಚದವಳಿಗೆ ದಾನ ಮಾಡುತ್ತಿದ್ದೀಯಾ? ನಿನ್ನ ಬುದ್ಧಿ ನನಗೆ ಗೊತ್ತು. ನಿಮ್ಮ ವಾರ್ಡಿಗೆ ಒಂದು ಕಡೆ ಗೋಡೆಯೇ ಇಲ್ಲ, ಬರೀ ಕಂಬ. ಇನ್ನು ಮೇಲೆ ಚಳಿ ಜಾಸ್ತಿ. ಕೆಂಪು ಅಂಚಿನ ಕಂಬಳಿಯನ್ನು ತಲೆದಿಂಬು ಮಾಡಿಕೊಳ್ಳದೆ ಹೊದ್ದುಕೋ. ಇಲ್ಲಿ ಮಗಳು ಚನ್ನಿ ಚೆನ್ನಾಗಿದ್ದಾಳೆ. ಅವಳನ್ನೂ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ, ಎದೆಯಲ್ಲಿ ಏನೂ ಇಲ್ಲ ಅಂದರು. ಈಗ ತಾನೇ ಜಡೆ ಹಾಕಿಕೊಳ್ಳಲು ಕಲಿತಿದ್ದಾಳೆ. ಒಂದು ಜಡೆ ಒಂದು ಕಡೆಗೆ ಎಳೆಯುತ್ತದೆ, ಇನ್ನೊಂದು ಇನ್ನೊಂದು ಕಡೆಗೆ, ಆದರೂ ಮೇಷ್ಟ್ರು ಏನೂ ಅನ್ನುವುದಿಲ್ಲವಂತೆ.

ಸೋಮವಾರ ಹನೂರಿನಿಂದ ನಿಮ್ಮಣ್ಣ ಬಂದಿದ್ದರು. ಡಾಕ್ಟರು ಬರೆದ ಕಾಗದ ಅವರ ಕೈಗೆ ಸಿಕ್ಕಿದೆ. ನೀನು ವಾಸಿಯಾಗುತ್ತಿದ್ದೀಯ, ಈ ತಿಂಗಳ ಮೂವತ್ತಕ್ಕೆ ಮನೆಗೆ ಕಳಿಸಬಹುದು, ಆದರೆ ಗಾಳಿ ಬೆಳಕು ಇರುವ ಮನೆ ಆಗಬೇಕು, ಹಿಂದೆ ಇದ್ದಂಥ ಕೋಣೆಯಾದರೆ ಕಳಿಸುವುದಿಲ್ಲ ಅಂತ ಅದರಲ್ಲಿದೆ. ನಿಮ್ಮಣ್ಣ ಅದನ್ನು ಓದಿ ಮಡಿಸಿ ಜೇಬಿಗೆ ಇಟ್ಟುಕೊಂಡು, ‘ನಮ್ಮುಡುಗಿನ ಅನೂರ್ಗೆ ಕರ್ಕಂಡೋಯ್ತೀನಿ ಭಾವ’ ಅಂದರು. ನೀನು ಇಲ್ಲಿಗೆ ಬರುತ್ತೀಯೋ ಅಲ್ಲಿಗೆ ಹೋಗುತ್ತೀಯೋ ಅನ್ನುವುದು ಇನ್ನು ಹದಿನೆಂಟು ದಿನದಲ್ಲಿ ತೀರ್ಮಾನ ಆಗಬೇಕು. ಆ ತೀರ್ಮಾನ ನಿನ್ನದು. ಅದಕ್ಕೆ ಮೊದಲು ನಾನು ಹೇಳಬೇಕಾದದ್ದು ಕೆಲವಿದೆ. ಹೋದ ತಿಂಗಳು ಮೂಸಂಬಿ ಹಿಡಿದುಕೊಂಡು ಬಂದವನು ಅದನ್ನೇ ಹೇಳಲು ಬಂದಿದ್ದೆ. ಹಣ್ಣು ಸುಲಿದು ಸುಲಿದು ಕೊಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ನಿಮ್ಮಣ್ಣ ಬಂದ ದಿನ ನಮ್ಮ ರೇಷ್ಮೆ ಹುಳ ಮೂರನೇ ಜ್ವರದಿಂದ ಎದ್ದಿತ್ತು. ಮೇವು ಬಿಟ್ಟು ತಲೆ ಎತ್ತಿ ಕೂತಿದ್ದ ಹುಳ ಪೊರೆ ಕಳಚಿ ಎದ್ದಾಗ ಅದರ ಹಸಿವು ಎಂಥದ್ದು ಅಂತ ನಿನಗೆ ಹೇಳಿಕೊಡಬೇಕಾಗಿಲ್ಲ. ಸೊಪ್ಪು ಸುರಿಯುವುದರಲ್ಲೇ ಇದ್ದೆ. ನಿಮ್ಮಣ್ಣ ನಡುಮನೆಯ ಗೋಡೆ ಒಡೆದು ಕಿಟಕಿ ಇಡಿಸುವ ಮಾತು ಎತ್ತಿದರು. ನಾನು ತಲೆ ಎತ್ತದೆ, ‘ಇನ್ನೊಂದು ಅದಿನೈದು ದಿನ ಭಾವ, ಈ ಉಳ ಅಣ್ಣಾಗ್ಲಿ, ಗೂಡು ಕಟ್ಲಿ, ಆಮೇಲ್ ನೋಡಮ’ ಅಂದೆ. ಅವರು ಸಿಟ್ಟಾಗಲಿಲ್ಲ. ‘ನಾ ಈ ಮನೆಗೆ ಬಂದಾಗೆಲ್ಲ ನಿಮ್ಮಲ್ಲಿ ಉಳ ಅದೆ ಭಾವ. ಅದು ಅಣ್ಣಾಗದ್ನ ನಾ ಒಂದಪಾನೂ ಕಂಡಿಲ್ಲ’ ಅಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಒಂದು ಲೋಟ ನೀರೂ ಕುಡಿಯಲಿಲ್ಲ.

ಅವರು ಹೋದ ಮೇಲೆ ಕೂತು ಲೆಕ್ಕ ಹಾಕಿದೆ, ಈ ಮಾತನ್ನು ನಾನು ನಿನಗೆ ಎಷ್ಟು ಸಲ ಹೇಳಿರಬಹುದು ಅಂತ. ಹುಳ ಮನೆಯಲ್ಲಿರುವಾಗ ಮನೆಯಲ್ಲಿ ಏನನ್ನೂ ಕದಲಿಸಬಾರದು ಅನ್ನುವುದು ನಮ್ಮಪ್ಪನಿಂದ ನಾನು ಕಲಿತ ಮೊದಲ ಪಾಠ. ಒಗ್ಗರಣೆ ಹಾಕಬಾರದು, ಸುಣ್ಣ ಬಳಿಯಬಾರದು, ಹುಳದ ಬಿದಿರು ತಟ್ಟೆಗಳ ಜಾಗ ಬದಲಿಸಬಾರದು, ಹೊರಗಿನವರು ನಡುಮನೆಗೆ ಕಾಲಿಡಬಾರದು. ಅದು ಸುಳ್ಳಲ್ಲ. ಉಗುರಿನಷ್ಟು ಉದ್ದದ ಜೀವ ಅದು, ಒಂದು ದಿನದ ಥಂಡಿಗೆ ಮನೆತುಂಬಾ ಸತ್ತು ಬೀಳುತ್ತದೆ. ಇಪ್ಪತ್ತೆಂಟು ದಿನ ಮನೆ ಇದ್ದ ಹಾಗೇ ಇರಲಿ ಅನ್ನುವವನು ದಡ್ಡನಲ್ಲ. ಇಂದಿಗೂ ನಾನು ಹಾಗೇ ಹೇಳುತ್ತೇನೆ. ಆದರೆ ಇಪ್ಪತ್ತೆಂಟು ದಿನ ಆದ ಮೇಲೆ ಗೂಡು ಬಿಡಿಸಬೇಕು, ಹುಳ ಗೂಡು ಕಟ್ಟಿದ ಚಂದ್ರಿಕೆ ಬಿಸಿಲಿಗೆ ಹಾಕಬೇಕು, ತಟ್ಟೆ ತೊಳೆದು ಸಗಣಿ ಬಳಿಯಬೇಕು, ಅಷ್ಟರಲ್ಲಿ ತೋಟದಲ್ಲಿ ಹಿಪ್ಪುನೇರಳೆ ಚಿಗುರಿ ನಿಂತಿರುತ್ತದೆ, ಸೊಪ್ಪು ಮುದಿಯಾಗುವ ಮೊದಲು ಹುಳದ ಮೊಟ್ಟೆ ತರಬೇಕು. ವರ್ಷಕ್ಕೆ ಐದು ಬೆಳೆ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ತೋಟದ ಕೆಲಸ, ರಾಗಿ ಹೊಲದ ಕೆಲಸ ಕಳೆದು ಒಂದು ವಾರ ಬಿಡುವು ಸಿಕ್ಕರೆ ಹೆಚ್ಚು. ಆ ಒಂದು ವಾರದಲ್ಲಿ ನೀನು ಗೋಡೆಯ ಮಾತು ಎತ್ತಿದರೆ, ಗೋಡೆ ಒಡೆದರೆ ಹಸಿ ಒಣಗುವುದಕ್ಕೆ ಒಂದು ತಿಂಗಳು ಬೇಕು, ಈ ಬೆಳೆ ಒಂದು ಆಗಿಬಿಡಲಿ ಅನ್ನುತ್ತಿದ್ದೆ. ಹದಿಮೂರು ವರ್ಷಕ್ಕೆ ಅರವತ್ತೈದು ಬೆಳೆ. ಅರವತ್ತೈದು ಸಲವೂ ನನ್ನ ಮಾತು ಸರಿಯಾಗಿಯೇ ಇತ್ತು. ಎಲ್ಲವನ್ನೂ ಸೇರಿಸಿ ನೋಡಿದರೆ ಮಾತ್ರ ಅದು ಎಂಥ ಮಾತು ಅಂತ ಕಾಣುತ್ತದೆ.

ನಿನಗೆ ನೆನಪಿದೆಯಾ, ನಮ್ಮೂರ ದೊಡ್ಡಮಾದಪ್ಪ ತನ್ನ ಹಿತ್ತಲಲ್ಲಿ ಹುಳಕ್ಕೇ ಅಂತ ಬೇರೆ ಶೆಡ್ಡು ಕಟ್ಟಿಸಿದಾಗ ನಾನು ಆಡಿದ ಆಟ. ಎರಡು ಕಡೆ ಕಿಟಕಿ ಇಟ್ಟು, ಹುಳವನ್ನು ಗಾಳಿಗೆ ಬಿಟ್ಟ ಅಂತ ಜಗಲಿ ಮೇಲೆ ಕೂತು ಬಂದವರಿಗೆಲ್ಲ ಹೇಳಿದ್ದೆ. ಮೊದಲ ಬೆಳೆ ಅವನಿಗೆ ಪೂರ್ತಿ ಹೋಯಿತು. ಆ ದಿನ ಊಟಕ್ಕೆ ಕೂತು, ‘ನೋಡ್ದಾ, ಇದ್ದಂಗೆ ಇದ್ದಿದ್ರೆ ಅವ್ನಿಗೆ ಏನಾಯ್ತಿತ್ತು’ ಅಂತ ನಿನಗೆ ಹೇಳಿದ್ದು ಜ್ಞಾಪಕವಿದೆ. ಒಂದು ಮುದ್ದೆ ಜಾಸ್ತಿಯೇ ಉಂಡೆ ಅಂತ ಕಾಣುತ್ತದೆ. ಆಮೇಲಿನ ಬೆಳೆಗಳಲ್ಲಿ ಅವನ ಗೂಡು ನಮ್ಮದಕ್ಕಿಂತ ಗಟ್ಟಿಯಾಗಿ ಬಂತು. ಅದನ್ನು ನಾನು ಊಟಕ್ಕೆ ಕೂತಾಗ ಯಾವತ್ತೂ ಹೇಳಲಿಲ್ಲ. ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಸದಾಶಿವಪ್ಪ ಯಳಂದೂರಿನಿಂದ ಸೈಕಲ್ಲು ತುಳಿದುಕೊಂಡು ಬಂದು, ಜನ ಮಲಗುವ ಮನೆಯಲ್ಲಿ ಹುಳ ಸಾಕುವುದು ಹುಳಕ್ಕೂ ಒಳ್ಳೆಯದಲ್ಲ ಜನಕ್ಕೂ ಒಳ್ಳೆಯದಲ್ಲ ಅಂದಾಗಲೂ, ‘ಐವತ್ತಾರ್ರಲ್ಲಿ ಮದ್ರಾಸ್ ಬುಟ್ಟು ಮೈಸೂರಿಗೆ ಸೇರುದ್ವು ಸಾ, ರಾಜ್ಯವೇ ಬದ್ಲಾಯ್ತು, ನಮ್ಮನೇಲಿ ಒಂದು ತಟ್ಟೆ ಕದ್ಲಲಿಲ್ಲ’ ಅಂತ ಎದೆ ಉಬ್ಬಿಸಿಕೊಂಡು ಹೇಳಿದ್ದೆ. ಬಾಗಿಲ ಹಿಂದಿನಿಂದ ನೀನು ಮೆಲ್ಲಗೆ ಅಂದೆ: ‘ಆ ವರ್ಸವೇ ಅಲ್ವಾ ಕಂದಾಯದ ಕಾಗ್ದ ಕನ್ನಡದಲ್ಲಿ ಬಂದದ್ದು. ಅದಕ್ಕೆ ಮೊದ್ಲು ತಮಿಳು ಓದೋರ್‌ನ ಉಡಿಕ್ಕಂಡು ಓಗ್ತಿದ್ರಿ.’ ಸದಾಶಿವಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. ನನಗೆ ನಿನ್ನ ಮೇಲೆ ಎರಡು ದಿನ ಕೋಪವಿತ್ತು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ನಿನ್ನ ಬೇರೆ ಒಂದು ಮಾತು. ಎರಡು ವರ್ಷದ ಹಿಂದೆ, ನಿನಗೆ ಕೆಮ್ಮು ಶುರುವಾದ ಚಳಿಗಾಲ. ನಡುಮನೆಯಲ್ಲಿ ಹುಳಕ್ಕೆ ಕಾವು ಬೇಕು ಅಂತ ಇದ್ದಿಲ ಕೆಂಡದ ಬಾಣಲಿ ಇಟ್ಟಿದ್ದೆವು. ನೀನು ತಟ್ಟೆಯ ಕಸ ತೆಗೆಯುತ್ತಾ, ಸೆರಗಿನಿಂದ ಬಾಯಿ ಒರೆಸಿಕೊಂಡು, ಜಗಳಕ್ಕಲ್ಲ, ಸುಮ್ಮನೆ ತಿಳಿದುಕೊಳ್ಳುವವಳ ಹಾಗೆ ಕೇಳಿದೆ: ‘ಅಲ್ಲಾ, ಈ ಗ್ವಾಡೆಲಿ ಮೊದ್ಲಿಂದ್ಲೂ ಕಿಟ್ಕಿ ಇದ್ದಿದ್ರೆ ನೀವು ಅದ್ನ ಮುಚ್ಚುಸ್ತಿದ್ರಾ?’ ನಾನು ನಕ್ಕು, ಇರೋ ಕಿಟಕಿಯನ್ನು ಯಾವನಾದರೂ ಮುಚ್ಚಿಸುತ್ತಾನಾ ಅಂದೆ. ‘ಅಂಗಾದ್ರೆ ಇಲ್ದಿರದ್ನ ಇಡ್ಸಿ’ ಅಂದೆ ನೀನು. ಕಿಟಕಿ ಇರುವ ಮನೆ ಕಿಟಕಿ ಇಲ್ಲದ ಮನೆಗಿಂತ ಒಳ್ಳೆಯದು ಅಂತ ನನ್ನ ಬಾಯಿಂದಲೇ ಬಂದಿತ್ತು, ಆದರೂ ಇಲ್ಲದ ಮನೆಯಲ್ಲೇ ಇರೋಣ ಅನ್ನುತ್ತಿದ್ದೆ. ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಅಂತ ತೋಟಕ್ಕೆ ಹೋಗಿಬಿಟ್ಟೆ. ಮನೆಯಲ್ಲಿ ಆ ದಿನಕ್ಕಾಗುವಷ್ಟು ಸೊಪ್ಪು ಇತ್ತು.

ಇನ್ನೊಂದು ವಿಷಯ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಇದ್ದ ಹಾಗೇ ಇರಲಿ ಅನ್ನುತ್ತಿದ್ದವನು ನಾನು, ಅದರೊಳಗೆ ಇರಬೇಕಾಗಿದ್ದವಳು ನೀನು. ರಾತ್ರಿ ಮೇವಿಗೆ ಏಳಬೇಕು ಅಂತ ನೀನು ತಟ್ಟೆಗಳ ಬುಡದಲ್ಲೇ ಮಲಗುತ್ತಿದ್ದೆ. ನಾನು ಜಗಲಿ ಮೇಲೆ. ಬೇವಿನ ಮರದ ಗಾಳಿ, ಒಂದು ಚಾಪೆ, ಹಾಯಾಗಿ ಗೊರಕೆ. ಹದಿಮೂರು ವರ್ಷದಲ್ಲಿ ಒಂದು ದಿನವೂ ‘ನೀನು ಜಗಲಿಗೆ ಬಾ, ನಾನು ಒಳಗೆ ಮಲಗುತ್ತೇನೆ’ ಅಂತ ನಾನು ಅನ್ನಲಿಲ್ಲ. ನಾವು ಅದಲು ಬದಲಾಗಿದ್ದರೆ ಆ ಗೋಡೆ ಮೊದಲ ವರ್ಷವೇ ಒಡೆಯುತ್ತಿತ್ತು. ನನ್ನ ಹೆದರಿಕೆಗೆ ಬುದ್ಧಿ ಅಂತ ಹೆಸರಿಟ್ಟುಕೊಂಡಿದ್ದೆ, ಅದರ ಖರ್ಚನ್ನು ನಿನ್ನ ಎದೆ ಕೊಟ್ಟಿತು. ತಪ್ಪು ನನ್ನದು. ಇದನ್ನು ಮೂಸಂಬಿ ಸುಲಿಯುತ್ತಾ ಹೇಳಲು ಆಗಲಿಲ್ಲ.

ಸೋಮವಾರ ನಿಮ್ಮಣ್ಣ ಹೋದರು, ಮಂಗಳವಾರ ಬೆಳಿಗ್ಗೆ ನಾನು ದೊಡ್ಡಮಾದಪ್ಪನ ಮನೆ ಬಾಗಿಲಲ್ಲಿ ನಿಂತಿದ್ದೆ. ಅವನ ಶೆಡ್ಡಿನಲ್ಲಿ ನಮ್ಮ ತಟ್ಟೆಗೆ ಜಾಗ ಕೇಳಬೇಕಾಗಿತ್ತು. ನಾನು ಆಡಿದ್ದನ್ನೆಲ್ಲ ಅವನು ಕೇಳಿಸಿಕೊಂಡೇ ಇರುತ್ತಾನೆ, ಒಂದೆರಡು ಮಾತು ಅನ್ನಲಿ ಅಂತ ತಲೆ ಬಗ್ಗಿಸಿಕೊಂಡು ನಿಂತೆ. ಅವನು ಅಂದದ್ದು ‘ಎಷ್ಟು ತಟ್ಟೆ ಆಯ್ತದೆ?’ ಅಂತ ಅಷ್ಟೇ. ನಾನೂ ಅವನೂ ಸೇರಿ ಮಧ್ಯಾಹ್ನದೊಳಗೆ ಎಲ್ಲ ತಟ್ಟೆಗಳನ್ನೂ ಹೊತ್ತೆವು. ಬೆಳೆಯ ನಡುವೆ ಹುಳ ಕದಲಿಸಿದ್ದು ನಮ್ಮ ಮನೆಯಲ್ಲಿ ಇದೇ ಮೊದಲು. ನೀನು ಕೇಳಿಯೇ ಕೇಳುತ್ತೀಯ, ಅದಕ್ಕೇ ಹೇಳುತ್ತೇನೆ, ಕಾಲು ಭಾಗ ಹುಳ ಸಪ್ಪೆ ರೋಗ ಹಿಡಿದು ಸತ್ತುಹೋಯಿತು. ಉಳಿದದ್ದು ಮೇಯುತ್ತಿದೆ, ನಾಲ್ಕನೇ ಜ್ವರಕ್ಕೆ ಕೂರುವ ಹಾಗಿದೆ. ಹೋದದ್ದನ್ನು ನಿನ್ನ ತಲೆಗೆ ಹೊರಿಸಲು ಬರೆಯುತ್ತಿಲ್ಲ. ಕದಲಿಸಿದರೆ ನಷ್ಟ ಆಗುತ್ತದೆ ಅಂತ ನಾನು ಹೇಳುತ್ತಿದ್ದದ್ದು ನಿಜವೇ, ಆದರೆ ಆಗುವ ನಷ್ಟ ಕಾಲು ಬೆಳೆ. ಅಷ್ಟಕ್ಕೆ ಹದಿಮೂರು ವರ್ಷ ಹೆದರಿದೆ.

ಬುಧವಾರ ಗಾರೆ ಕೆಲಸದ ಚಿಕ್ಕಸಿದ್ದಯ್ಯ ಬಂದು ನಡುಮನೆಯ ಮೂಡಲ ಗೋಡೆಗೆ ಹಾರೆ ಹಾಕಿದ. ನಾಲ್ಕು ಏಟಿಗೆ ಮಣ್ಣು ಉದುರಿ ಒಳಗೆ ಮರ ಕಾಣಿಸಿತು. ‘ಇಲ್ಲಿ ಮೊದ್ಲೇ ಚೌಕಟ್ಟು ಅದೆ ಕಣ್ರಿ, ಯಾರೋ ಕಲ್ಲು ತುಂಬಿ ಮುಚ್ಚವ್ರೆ’ ಅಂದ. ಹಲಸಿನ ಮರದ ಚೌಕಟ್ಟು, ಒಂದು ಮೂಲೆ ಗೆದ್ದಲು ತಿಂದದ್ದು ಬಿಟ್ಟರೆ ಗಟ್ಟಿಯಾಗಿಯೇ ಇದೆ. ಚನ್ನಿಗೆ ಆಶ್ಚರ್ಯವೋ ಆಶ್ಚರ್ಯ. ಯಾರು ಮುಚ್ಚಿದ್ದು ಅಪ್ಪಾ ಅಂತ ಕೇಳಿದಳು. ಯಾವ ಕಾಲದ್ದೋ ಏನೋ ಮಗ, ಯಾರಿಗೆ ಗೊತ್ತು ಅಂದೆ. ಕಲ್ಲು ತೆಗೆದು ಮುಗಿದ ಮೇಲೆ ಬಿಸಿಲು ನೇರವಾಗಿ ನೀನು ಮಲಗುತ್ತಿದ್ದ ಜಾಗಕ್ಕೆ ಬಿತ್ತು. ಗೋಡೆಯಲ್ಲಿ ನಿನ್ನ ತಲೆ ತಾಗುತ್ತಿದ್ದ ಕಡೆ ಎಣ್ಣೆ ಜಿಡ್ಡಿನ ಗುರುತು ಇತ್ತು, ಅದರ ಸುತ್ತ ಹೊಗೆ ಹಿಡಿದು ಕಪ್ಪಾಗಿತ್ತು. ಅಷ್ಟು ಕಪ್ಪು ಅಂತ ನನಗೆ ಗೊತ್ತಿರಲಿಲ್ಲ. ಬೆಳಕೇ ಇಲ್ಲದ ಕಡೆ ಹೇಗೆ ಗೊತ್ತಾಗಬೇಕು. ಈಗ ಎಲ್ಲ ಕಡೆ ಸುಣ್ಣ ಬಳಿಸಿದ್ದೇನೆ, ಹುಳಕ್ಕೆ ಹಿತ್ತಲಲ್ಲಿ ಶೆಡ್ಡಿನ ಪಾಯ ತೋಡಿಸುತ್ತಿದ್ದೇನೆ. ಇನ್ನು ನಡುಮನೆಗೆ ಹುಳ ಬರುವುದಿಲ್ಲ.

ಹಾಗಂತ ನಾನು ಹಳೆಯದನ್ನೆಲ್ಲ ತಿಪ್ಪೆಗೆ ಎಸೆಯುವ ಮನುಷ್ಯ ಆಗಿಬಿಟ್ಟೆ ಅಂದುಕೊಳ್ಳಬೇಡ. ಮೂರು ಕಡೆ ತೇಪೆ ಹಾಕಿದ ನಿನ್ನ ಮೊರ ಹಾಗೇ ಇದೆ, ಸಂತೆಯಲ್ಲಿ ಹೊಸದು ಸಿಕ್ಕಿದರೂ ತರಲಿಲ್ಲ. ಹೊಸ ಮೊರದಲ್ಲಿ ರಾಗಿ ಇದಕ್ಕಿಂತ ಚೆನ್ನಾಗಿಯೇ ಹಸನಾಗಬಹುದು, ಆದರೆ ಅದು ನಿನ್ನ ಮೊರ ಅಲ್ಲವಲ್ಲ. ಇರುವುದನ್ನು ಪ್ರೀತಿಯಿಂದ ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ ಅಂತ ಈಗಲೂ ನನ್ನ ಮನಸ್ಸು ಹೇಳುತ್ತದೆ. ಆ ಗೋಡೆಯನ್ನು ಮಾತ್ರ ನಾನು ಯಾವತ್ತೂ ಪ್ರೀತಿಸಿದವನಲ್ಲ.

ಚನ್ನಿ ನಿನಗೆ ನಮಸ್ಕಾರ ತಿಳಿಸಿದ್ದಾಳೆ, ಅವಳ ಜಡೆಗೆ ಮೈಸೂರಿನ ರಿಬ್ಬನ್ನು ಬೇಕಂತೆ, ಹಸಿರು ಬಣ್ಣದ್ದು. ದೊಡ್ಡಮಾದಪ್ಪನ ಮನೆಯವರು ಕೇಳಿದರು ಅಂತ ಹೇಳು ಅಂದಿದ್ದಾರೆ. ಹಾಲು ಕುಡಿ, ಕಂಬಳಿ ಹೊದ್ದುಕೋ. ಬೆಟ್ಟದ ಮಾದಪ್ಪಸ್ವಾಮಿ ನಿನ್ನನ್ನು ಕಾಪಾಡಲಿ, ಇಲ್ಲಿಂದ ನಾವಿಬ್ಬರೂ ದಿನಾ ಅದನ್ನೇ ಕೇಳಿಕೊಳ್ಳುತ್ತಿದ್ದೇವೆ.

ಇಂತಿ ನಿನ್ನ
ಕೆಂಪನಂಜಪ್ಪ

ಮತ್ತೆ: ಈ ಚೂರು ಕಾಗದವನ್ನು ಬೇರೆ ಮಡಿಸಿ ಇಟ್ಟಿದ್ದೇನೆ. ನರ್ಸಮ್ಮನ ಕೈಲಿ ಓದಿಸಬೇಡ, ನಿಧಾನವಾದರೂ ನೀನೇ ಓದಿಕೋ. ಅದಕ್ಕೇ ಅಕ್ಷರ ದಪ್ಪ ಮಾಡಿ ಬರೆದಿದ್ದೇನೆ. ಟಪಾಲು ಹೋಗುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಚನ್ನಿಗೆ ನಾನು ಹೇಳಿದ್ದು ಸುಳ್ಳು. ಆ ಕಿಟಕಿ ಯಾರು ಮುಚ್ಚಿದ್ದು ಅಂತ ನನಗೆ ಗೊತ್ತು. ನನಗೆ ಹದಿನೈದು ವರ್ಷ ಆಗ. ಒಂದು ಬೆಳೆಗೆ ಸುಣ್ಣಕಟ್ಟು ರೋಗ ಬಂದು ಹುಳವೆಲ್ಲ ಬೆಳ್ಳಗೆ ಸೆಟೆದು ಸತ್ತಿತು. ಮೂಡಲ ಗಾಳಿಯಿಂದ ಬಂತು ಅಂತ ಅಪ್ಪ ಕಲ್ಲು ಇಟ್ಟರು, ಮಣ್ಣು ಕಲಸಿ ಕೊಟ್ಟವನು ನಾನು. ನಮ್ಮವ್ವ ಆ ಕಿಟಕಿಯ ಕೆಳಗೇ ಕೂತು ಸೊಪ್ಪು ಬಿಡಿಸುತ್ತಿದ್ದವಳು, ‘ಒಂದು ಕಿಂಡಿನಾದ್ರೂ ಬುಡ್ಲಾ ಮಗ’ ಅಂತ ಅಪ್ಪನಿಗೆ ಹೇಳಲಾರದೆ ನನಗೆ ಹೇಳಿದಳು. ಈ ಬೆಳೆ ಆಗಲಿ ಅವ್ವ ಅಂದೆ. ಮುಚ್ಚಿದ ಮೇಲಿನ ಬೆಳೆಯೂ ಅದೇ ರೋಗಕ್ಕೆ ಹೋಯಿತು, ಆದರೂ ಯಾರೂ ತೆಗೆಯಲಿಲ್ಲ. ಮೂರು ವರ್ಷ ಕೆಮ್ಮಿ ಅವ್ವ ಅದೇ ಜಾಗದಲ್ಲಿ ತೀರಿಕೊಂಡಳು. ಎದೆನೋವಿನಿಂದ ಅಂತ ನಿನಗೆ ಹೇಳಿದ್ದೆ. ನೀನು ಈ ಮನೆಗೆ ಬರುವಷ್ಟರಲ್ಲಿ ಆ ಗೋಡೆ ಮೊದಲಿನಿಂದಲೂ ಹಾಗೇ ಇತ್ತು ಅನ್ನುವಂತೆ ಆಗಿತ್ತು, ನಾನೂ ಹಾಗೇ ಅಂದುಕೊಂಡು ನಿನ್ನ ಹಾಸಿಗೆಯನ್ನು ಅಲ್ಲೇ ಹಾಕಿಸಿದೆ. ಕಿಟಕಿ ಇದ್ದಿದ್ದರೆ ಮುಚ್ಚಿಸುತ್ತಿದ್ದಿರಾ ಅಂತ ನೀನು ಕೇಳಿದಾಗ ನನ್ನ ಕೈಗೆ ಆ ಮಣ್ಣಿನ ತಂಪು ನೆನಪಾಯಿತು, ಆದರೂ ನಕ್ಕೆ. ಇದೇ ನಿನ್ನ ಪ್ರಶ್ನೆಗೆ ಉತ್ತರ. ಹನೂರಿಗೆ ಹೋಗುವುದಾದರೆ ಹೋಗು, ಚನ್ನಿಯನ್ನು ನಾನೇ ಕರೆತಂದು ನಿನ್ನ ಹತ್ತಿರ ಬಿಡುತ್ತೇನೆ, ನಿಮ್ಮಣ್ಣನಿಗೂ ತಪ್ಪು ನನ್ನದು ಅಂತ ನಾನೇ ಹೇಳುತ್ತೇನೆ. ಇಲ್ಲಿಗೆ ಬರುವುದಾದರೆ ಮೂವತ್ತನೇ ತಾರೀಕು ಬೆಳಗಿನ ಬಸ್ಸಿಗೆ ಬಂದು ನಿಮ್ಮ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತೇನೆ. ಇದನ್ನು ಓದದೆ ಮಾತ್ರ ಬರಬೇಡ.